ಉಳಿದ ಊರು ಕಲಿತ ತಪ್ಪು ಪಾಠ: ಯೆರೂಸಲೇಮ್, ಕ್ರಿ.ಪೂ. 701ರಿಂದ 586ರವರೆಗೆ

ಕ್ರಿ.ಪೂ. 701ರಲ್ಲಿ ಅಸ್ಸೀರಿಯದ ಸೈನ್ಯ ಯೆರೂಸಲೇಮಿನವರೆಗೆ ಬಂದು, ಊರನ್ನು ಹಿಡಿಯದೆ ಮರಳಿತು. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 586ರಲ್ಲಿ, ಬ್ಯಾಬಿಲೋನಿನ ಸೈನ್ಯ ಅದೇ ಊರನ್ನು ಸುಟ್ಟು ಬೂದಿ ಮಾಡಿತು. ರಾಜವಂಶ ಅದೇ, ದೇವಾಲಯ ಅದೇ, ಬಂಡೆ ಕೊರೆದು ತಂದ ನೀರಿನ ಸುರಂಗವೂ ಅದೇ. ಮೊದಲ ಸಲ ಊರು ಉಳಿದದ್ದು ಹೇಗೆ ಎಂಬುದನ್ನು ಜನ ತಪ್ಪಾಗಿ ನೆನಪಿಟ್ಟುಕೊಂಡರು. ಎರಡನೆಯ ಸಲದ ನಾಶಕ್ಕೆ ಆ ತಪ್ಪು ನೆನಪೇ ಒಂದು ಮುಖ್ಯ ಕಾರಣ ಎಂದು ನಾನು ನಂಬುತ್ತೇನೆ. ಈ ಪ್ರಕರಣವನ್ನು ಬಿಡಿಸಿ ನೋಡುತ್ತಿರುವುದು ಅದಕ್ಕೇ.

ರಾಜರ ಮತ್ತು ಮುಖ್ಯ ಪ್ರವಾದಿಗಳ ಹೆಸರು ಎಲ್ಲರಿಗೂ ಗೊತ್ತಿರುವಂಥವು, ಅವನ್ನು ಹಾಗೆಯೇ ಬಳಸಿದ್ದೇನೆ. ಆಸ್ಥಾನದ ಅಧಿಕಾರಿ, ಚೌಕಿಯ ಕಾವಲಿನವನು, ಬಿಡುಗಡೆಯಾದ ಆಳು ಇಂಥವರನ್ನು ಅವರ ಕೆಲಸದಿಂದಲೇ ಕರೆದಿದ್ದೇನೆ.

ಹಿನ್ನೆಲೆ

ಸೊಲೊಮೋನನ ನಂತರ, ಸುಮಾರು ಕ್ರಿ.ಪೂ. 930ರಲ್ಲಿ, ರಾಜ್ಯ ಎರಡಾಯಿತೆಂದು ಬೈಬಲ್ ಹೇಳುತ್ತದೆ. ಉತ್ತರದ ಇಸ್ರಾಯೇಲ್ ಫಲವತ್ತಾದ, ವ್ಯಾಪಾರದ ದಾರಿಗಳ ಮೇಲೆ ಕೂತ ರಾಜ್ಯ. ಅದರ ರಾಜಧಾನಿ ಸಮಾರ್ಯ. ದಕ್ಷಿಣದ ಯೆಹೂದ ಗುಡ್ಡಗಾಡಿನ ಸಣ್ಣ ರಾಜ್ಯ, ರಾಜಧಾನಿ ಯೆರೂಸಲೇಮ್. 853ರ ಕರ್ಕಾರ್ ಕದನದಲ್ಲಿ ಇಸ್ರಾಯೇಲಿನ ಆಹಾಬ 2,000 ರಥ, 10,000 ಕಾಲಾಳುಗಳೊಂದಿಗೆ ತನ್ನೆದುರು ನಿಂತಿದ್ದನೆಂದು ಅಸ್ಸೀರಿಯದ ಅರಸನೇ ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಅಷ್ಟು ಬಲವಿದ್ದ ರಾಜ್ಯವೇ ಮೊದಲು ಹೋಯಿತು.

745ರಲ್ಲಿ ಮೂರನೆಯ ತಿಗ್ಲತ್ ಪಿಲೆಸರ್ ಅಸ್ಸೀರಿಯದ ಪಟ್ಟಕ್ಕೆ ಬಂದ ಮೇಲೆ ಆ ಸಾಮ್ರಾಜ್ಯದ ನಡೆ ಬದಲಾಯಿತು. ಮೊದಲು ಕಪ್ಪಕಾಣಿಕೆ. ಸಾಮಂತ ಪಿತೂರಿ ಮಾಡಿದರೆ ಅರ್ಧ ರಾಜ್ಯ ಕಿತ್ತುಕೊಂಡು, ತಮಗೆ ಬೇಕಾದವನನ್ನು ಗದ್ದುಗೆಗೆ ಕೂರಿಸುವುದು. ಮತ್ತೂ ತಲೆ ಎತ್ತಿದರೆ ರಾಜ್ಯವನ್ನೇ ಪ್ರಾಂತ್ಯವಾಗಿಸಿ, ಅಲ್ಲಿನ ಜನರನ್ನು ದೂರದ ನಾಡಿಗೆ ಒಕ್ಕಲೆಬ್ಬಿಸಿ, ಬೇರೆಯವರನ್ನು ತಂದು ನೆಲೆಗೊಳಿಸುವುದು. ಇಸ್ರಾಯೇಲ್ ಈ ಮೂರು ಮೆಟ್ಟಿಲನ್ನೂ ಬೇಗಬೇಗನೆ ಇಳಿಯಿತು. ಅಲ್ಲಿನ ರಾಜ ಮೆನಹೇಮ 1,000 ತಲಾಂತು (ಆ ಕಾಲದ ತೂಕದ ಅಳತೆ) ಬೆಳ್ಳಿ ಕಪ್ಪ ಕೊಡಲು ಉಳ್ಳವರಿಂದ ತಲಾ 50 ಶೆಕೆಲ್ ವಸೂಲಿ ಮಾಡಿದ. ತಲಾಂತಿಗೆ 3,000 ಶೆಕೆಲ್ ಎಂದು ಹಿಡಿದರೆ ಸುಮಾರು 60,000 ಮನೆಗಳಿಗೆ ತಟ್ಟಿದ ತೆರಿಗೆ ಅದು. ಎರಡನೆಯ ಯಾರೊಬ್ಬಾಮನ ನಂತರದ ಕಾಲು ಶತಮಾನದಲ್ಲಿ ಆರು ಮಂದಿ ರಾಜರಾದರು, ಅವರಲ್ಲಿ ನಾಲ್ವರು ಕೊಲೆಯಾದರು. ಕೊನೆಯವನಾದ ಹೋಶೇಯ ಕಪ್ಪ ನಿಲ್ಲಿಸಿ ಈಜಿಪ್ಟಿನತ್ತ ಕೈಚಾಚಿದ. ಈಜಿಪ್ಟ್ ಬರಲಿಲ್ಲ. ಮೂರು ವರ್ಷದ ಮುತ್ತಿಗೆಯ ಬಳಿಕ, 722ರ ಹೊತ್ತಿಗೆ, ಸಮಾರ್ಯ ಬಿತ್ತು. 27,290 ಜನರನ್ನು ಸಾಗಿಸಿದೆನೆಂದು ಅಸ್ಸೀರಿಯದ ಅರಸ ಎರಡನೆಯ ಸಾರ್ಗೋನ್ ಬರೆಸಿಕೊಂಡಿದ್ದಾನೆ.

ಇಷ್ಟೆಲ್ಲ ಯೆಹೂದದ ಕಣ್ಣೆದುರೇ ನಡೆಯಿತು. ಉತ್ತರದಿಂದ ಓಡಿಬಂದವರಿಂದಲೂ ಸೇರಿ ಯೆರೂಸಲೇಮ್ ಪಶ್ಚಿಮದ ಗುಡ್ಡದ ಮೇಲಕ್ಕೆ ಬೆಳೆಯಿತು. ಆ ಹೊಸ ಬಡಾವಣೆಗೆ ಹಾಕಿದ ಕೋಟೆಗೋಡೆಯ ತುಂಡೊಂದು ಅಗೆತದಲ್ಲಿ ಸಿಕ್ಕಿದೆ. ಸುಮಾರು 7 ಮೀಟರ್ ದಪ್ಪದ ಗೋಡೆ, ಮನೆಗಳನ್ನು ಕಡಿದುಕೊಂಡೇ ಹಾದುಹೋಗಿದೆ. ಗೋಡೆಗಾಗಿ ಮನೆ ಕೆಡವಿದಿರಿ ಎಂದು ಪ್ರವಾದಿ ಯೆಶಾಯ ಆಡಿದ ಮಾತು ಅಲ್ಲಿ ಕಲ್ಲಿನಲ್ಲೇ ಕಾಣುತ್ತದೆ.

ಮೊದಲ ಬಿಕ್ಕಟ್ಟು: ಬಂಡಾಯ, ಸಿದ್ಧತೆ, ತಪ್ಪೊಪ್ಪಿಗೆ

705ರಲ್ಲಿ ಸಾರ್ಗೋನ್ ಯುದ್ಧದಲ್ಲಿ ಸತ್ತ; ಅವನ ಹೆಣವೂ ಸಿಗಲಿಲ್ಲ. ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ಸಾಮಂತರೆಲ್ಲ ಎದ್ದರು. ಯೆಹೂದದ ಹಿಜ್ಕೀಯ ಸುಮ್ಮನೆ ಸೇರಿಕೊಂಡವನಲ್ಲ, ಆ ಭಾಗದ ಮುಂದಾಳುಗಳಲ್ಲೊಬ್ಬನಾದ. ಅಸ್ಸೀರಿಯಕ್ಕೆ ನಿಷ್ಠನಾಗಿದ್ದ, ನೆರೆಯ ಎಕ್ರೋನ್ ಊರಿನ ಅರಸನನ್ನು ಅವನ ಪ್ರಜೆಗಳೇ ಸಂಕೋಲೆ ಹಾಕಿ ಹಿಜ್ಕೀಯನ ಕೈಗೊಪ್ಪಿಸಿದರು.

ಅವನ ಸಿದ್ಧತೆಯನ್ನು ಮೆಚ್ಚಲೇಬೇಕು. ರಾಜಮುದ್ರೆ ಒತ್ತಿದ ದೊಡ್ಡ ಜಾಡಿಗಳು ಯೆಹೂದದ ಊರೂರಲ್ಲಿ ಸಿಕ್ಕಿವೆ. ಸರಕು ಕೂಡಿಟ್ಟ ಗುರುತು ಅವು. ಊರ ಹೊರಗಿದ್ದ ಗೀಹೋನ್ ಬುಗ್ಗೆಯ ನೀರನ್ನು ಕೋಟೆಯೊಳಗೆ ತರಲು ಕೊರೆದದ್ದೆಂದು ಸಾಮಾನ್ಯವಾಗಿ ನಂಬಲಾಗಿರುವ ಸುರಂಗದ ಉದ್ದ ಸುಮಾರು 533 ಮೀಟರ್. 1880ರಲ್ಲಿ ಅದರ ಗೋಡೆಯ ಮೇಲೆ ಸಿಕ್ಕ ಬರಹದಲ್ಲಿ ರಾಜನ ಹೆಸರಿಲ್ಲ. ಎರಡು ತುದಿಯಿಂದ ಕೊರೆಯುತ್ತ ಬಂದವರಿಗೆ ಇನ್ನು ಮೂರು ಮೊಳ ಉಳಿದಿರುವಾಗ ಆಚೆಯವರ ಕೂಗು ಕೇಳಿಸಿದ್ದು, ಕೊನೆಗೆ ಗುದ್ದಲಿಗೆ ಗುದ್ದಲಿ ಎದುರಾಗಿ ನೀರು ಹರಿದದ್ದು, ಇಷ್ಟೇ ಅಲ್ಲಿರುವುದು. ಆ ಕಾಲದ ಯಾವ ಅರಸನ ಶಾಸನಕ್ಕಿಂತಲೂ ಕಲ್ಲುಕುಟಿಗರ ಈ ನಾಲ್ಕು ಮಾತು ನನಗೆ ಹೆಚ್ಚು ಪ್ರಿಯ.

701ರಲ್ಲಿ ಸಾರ್ಗೋನನ ಮಗ, ಅಸ್ಸೀರಿಯದ ಹೊಸ ಅರಸ ಸನ್ಹೇರೀಬ ಬಂದ. ಕರಾವಳಿಯ ಊರುಗಳು ಒಂದೊಂದಾಗಿ ಮಣಿದವು. ಈಜಿಪ್ಟಿನ ಕಡೆಯ ಸೈನ್ಯ ಎಲ್ತೆಕೇಯಲ್ಲಿ ಎದುರಾಯಿತು, ಆದರೆ ಅವನನ್ನು ತಡೆಯಲಾಗಲಿಲ್ಲ. ಯೆಹೂದದ 46 ಕೋಟೆಯೂರುಗಳನ್ನು ಹಿಡಿದೆ, 2,00,150 ಜನರನ್ನು ಹೊರಡಿಸಿದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆ ಎಂದು ಸನ್ಹೇರೀಬ ಬರೆಸಿದ. ಜನರ ಸಂಖ್ಯೆಯಲ್ಲಿ ಬಡಾಯಿ ಇರಬಹುದು. ಊರುಗಳು ಹಾಳಾದದ್ದರಲ್ಲಿ ಇಲ್ಲ.

ಆ ಊರುಗಳಲ್ಲಿ ಒಂದಕ್ಕೆ ಏನಾಯಿತೆಂದು ಇವತ್ತೂ ನೋಡಬಹುದು. ಅಸ್ಸೀರಿಯದ ರಾಜಧಾನಿ ನಿನೆವೆಯ ಅರಮನೆಯ ಕೋಣೆಯೊಂದರ ಗೋಡೆಯ ತುಂಬ ಲಾಕೀಷ್ ಊರಿನ ಮುತ್ತಿಗೆಯನ್ನು ಕೆತ್ತಿಸಿದ್ದರು. ಆ ಫಲಕಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕೋಟೆಯ ಮೇಲಿನವರು ಉರಿಯುವ ಕೊಳ್ಳಿ ಎಸೆಯುತ್ತಿದ್ದಾರೆ. ಕೆಳಗೆ ಗೋಡೆ ಗುದ್ದುವ ಯಂತ್ರದೊಳಗಿಂದ ಒಬ್ಬ ಸೈನಿಕ ಉದ್ದ ಹಿಡಿಯ ಸೌಟಿನಿಂದ ಯಂತ್ರದ ಮೇಲೆ ನೀರು ಹೊಯ್ಯುತ್ತಿದ್ದಾನೆ. ಇನ್ನೊಂದು ಕಡೆ ಎತ್ತಿನ ಗಾಡಿಯ ಮೇಲೆ ಗಂಟುಮೂಟೆ, ಅದರ ಮೇಲೆ ಹೆಂಗಸರು ಮಕ್ಕಳು, ಊರು ಬಿಟ್ಟು ಹೊರಟಿದ್ದಾರೆ. ಸೈನ್ಯ ಮಣ್ಣುಕಲ್ಲು ಸುರಿದು ಕಟ್ಟಿದ ಇಳಿಜಾರು ಲಾಕೀಷಿನಲ್ಲಿ ಈಗಲೂ ಇದೆ.

ಪ್ರಕರಣದ ಮೊದಲ ತಿರುವು ಇಲ್ಲಿ. ಹಿಜ್ಕೀಯ ಲಾಕೀಷಿನಲ್ಲಿದ್ದ ಸನ್ಹೇರೀಬನಿಗೆ ಹೇಳಿಕಳಿಸಿದ: ನನ್ನಿಂದ ತಪ್ಪಾಯಿತು, ಹಿಂದಿರುಗು, ನೀನು ಹೇರಿದ್ದನ್ನು ಹೊರುತ್ತೇನೆ. ಬೈಬಲಿನ ಅರಸುಗಳ ಎರಡನೆಯ ಪುಸ್ತಕವೇ ಇದನ್ನು ಮುಚ್ಚುಮರೆಯಿಲ್ಲದೆ ದಾಖಲಿಸುತ್ತದೆ. 30 ತಲಾಂತು ಬಂಗಾರದ ವಿಷಯದಲ್ಲಿ ಎರಡೂ ಕಡೆಯ ದಾಖಲೆ ಒಂದೇ. ಬೆಳ್ಳಿಯನ್ನು ಬೈಬಲ್ 300 ತಲಾಂತು ಎಂದರೆ ಅಸ್ಸೀರಿಯ 800 ಎನ್ನುತ್ತದೆ. ದೇವಾಲಯದ ಬಾಗಿಲುಗಳಿಗೆ ತಾನೇ ಹೊದಿಸಿದ್ದ ಬಂಗಾರವನ್ನು ಹಿಜ್ಕೀಯ ಸುಲಿದು ಕೊಟ್ಟ. ತಗ್ಗು ಗುಡ್ಡಗಳ ಫಲವತ್ತಾದ ನೆಲವನ್ನು ಸನ್ಹೇರೀಬ ಕರಾವಳಿಯ ಅರಸರಿಗೆ ಹಂಚಿದ. ಎಕ್ರೋನಿನ ಅರಸ ಬಿಡುಗಡೆಯಾಗಿ ಮತ್ತೆ ಗದ್ದುಗೆ ಏರಿದ.

ಊರು ಮಾತ್ರ ಬೀಳಲಿಲ್ಲ. ಅದೇ ಪುಸ್ತಕ ಮುಂದುವರಿದು, ದೇವದೂತ ಒಂದೇ ರಾತ್ರಿಯಲ್ಲಿ ಅಸ್ಸೀರಿಯದ ಪಾಳೆಯದ 1,85,000 ಜನರನ್ನು ಸಂಹರಿಸಿದನೆಂದು ಹೇಳುತ್ತದೆ.

ಎರಡು ನೆನಪು

ಪಾಳೆಯದಲ್ಲಿ ಏನೋ ಅನಾಹುತವಾಗಿ ಸೈನ್ಯ ಹೊರಟಿತೋ, ಕಪ್ಪ ಸಿಕ್ಕಿತೆಂದು ಹೊರಟಿತೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಭಕ್ತರಿಗೆ ಅದು ದೇವರ ಕೈ, ಆ ನಂಬಿಕೆಯನ್ನು ಗೌರವಿಸುತ್ತೇನೆ. ನನ್ನ ಕಣ್ಣು ಇರುವುದು ಮುಂದಿನ ತಲೆಮಾರು ಈ ಕಥೆಯ ಯಾವ ಭಾಗವನ್ನು ಉಳಿಸಿಕೊಂಡಿತು ಎಂಬುದರ ಮೇಲೆ. ದೇವಾಲಯವಿರುವ ಊರು ಬೀಳುವುದಿಲ್ಲ ಎಂಬುದು ಉಳಿಯಿತು. ಸುಟ್ಟ 46 ಊರು, ಸುಲಿದ ಬಾಗಿಲು, 'ನನ್ನಿಂದ ತಪ್ಪಾಯಿತು' ಎಂಬ ಸಂದೇಶ ಹಿಂದಕ್ಕೆ ಸರಿದವು.

ಹಾಗೆಂದು ಸರಿಯಾದ ನೆನಪು ಪೂರ್ತಿ ಅಳಿದಿರಲಿಲ್ಲ. ಹಿಜ್ಕೀಯನ ಮಗ ಮನಸ್ಸೆ 55 ವರ್ಷ ಆಳಿದ. ಬೈಬಲಿಗೆ ಅವನು ಎಲ್ಲರಿಗಿಂತ ಕೆಟ್ಟ ರಾಜ. ಅಸ್ಸೀರಿಯದ ದಾಖಲೆಯಲ್ಲಿ ನಿಯತ್ತಾಗಿ ಕಪ್ಪ ಕೊಡುವ ಸಾಮಂತ. ಅವನ ಕಾಲದಲ್ಲಿ ಯೆಹೂದ ನಿಧಾನವಾಗಿ ಚೇತರಿಸಿಕೊಂಡು, ಒಣನೆಲದ ಅಂಚಿನಲ್ಲೂ ಹೊಸ ಊರುಗಳು ಎದ್ದವೆಂದು ಅನೇಕ ಪುರಾತತ್ವಜ್ಞರು ಹೇಳುತ್ತಾರೆ.

ಇನ್ನೂ ಒಂದು ಪ್ರಸಂಗವಿದೆ. 609ರ ಸುಮಾರಿಗೆ ಪ್ರವಾದಿ ಯೆರೆಮೀಯ ದೇವಾಲಯದ ಅಂಗಳದಲ್ಲಿ ನಿಂತು, ಇದು ಯೆಹೋವನ ಆಲಯ, ಯೆಹೋವನ ಆಲಯ ಎಂದು ಜಪಿಸಿಕೊಂಡು ಮೋಸಹೋಗಬೇಡಿ, ಹಿಂದೆ ಹಾಳಾದ ಶೀಲೋವಿನ ಗುಡಿಗೆ ಏನಾಯಿತೆಂದು ಹೋಗಿ ನೋಡಿ ಎಂದ. ಯಾಜಕರು ಅವನಿಗೆ ಮರಣದಂಡನೆ ಆಗಬೇಕೆಂದರು. ಆಗ ಹಳ್ಳಿಗಾಡಿನ ಕೆಲವು ಹಿರಿಯರು ಎದ್ದು, ಹಿಜ್ಕೀಯನ ಕಾಲದಲ್ಲಿ ಪ್ರವಾದಿ ಮೀಕನೂ ಇದನ್ನೇ ನುಡಿದಿದ್ದ, ಚೀಯೋನ್ (ಯೆರೂಸಲೇಮ್) ಹೊಲದಂತೆ ಉಳಲ್ಪಡುವುದು ಎಂದಿದ್ದ. ರಾಜ ಅವನನ್ನು ಕೊಂದನೇ? ಹೆದರಿ ದೇವರನ್ನು ಬೇಡಿಕೊಳ್ಳಲಿಲ್ಲವೇ? ಎಂದು ಕೇಳಿದರು. ಯೆರೆಮೀಯ ಬದುಕಿದ. ಅದನ್ನೇ ನುಡಿದ ಇನ್ನೊಬ್ಬ ಪ್ರವಾದಿ ಈಜಿಪ್ಟಿಗೆ ಓಡಿದರೂ ಅವನನ್ನು ಹಿಡಿತರಿಸಿ ಕೊಂದರು.

ಬಾಗಿಲುಗಳು ಮುಚ್ಚಿದ್ದು ಹೇಗೆ

ಈ ನಡುವೆ ಲೋಕವೇ ತಿರುಗಿತ್ತು. 612ರಲ್ಲಿ ನಿನೆವೆ ಬಿತ್ತು. 609ರಲ್ಲಿ ಯೆಹೂದದ ಯೋಷೀಯ ರಾಜ ಮೆಗಿದ್ದೋದಲ್ಲಿ ಈಜಿಪ್ಟಿನ ಅರಸ ಫರೋಹ ನೆಕೋವಿನ ಕೈಯಲ್ಲಿ ಸತ್ತ. ನೆಕೋ ಯೋಷೀಯನ ಮಗ ಯೆಹೋಯಾಕೀಮನನ್ನು ಗದ್ದುಗೆಗೆ ಕೂರಿಸಿದ. 605ರಲ್ಲಿ ಕರ್ಕೆಮೀಷಿನಲ್ಲಿ ಬ್ಯಾಬಿಲೋನಿನ ನೆಬೂಕದ್ನೆಚ್ಚರ ಈಜಿಪ್ಟನ್ನು ಸೋಲಿಸಿದ.

604ರ ಡಿಸೆಂಬರ್ ಹೊತ್ತಿಗೆ ನೆಬೂಕದ್ನೆಚ್ಚರ ಕರಾವಳಿಯ ಅಷ್ಕೆಲೋನನ್ನು ನೆಲಸಮ ಮಾಡಿದನೆಂದು ಬ್ಯಾಬಿಲೋನಿನ ವರ್ಷಾವಳಿ ಹೇಳುತ್ತದೆ. ಯೆರೆಮೀಯನ ಮಾತುಗಳ ಸುರುಳಿಯನ್ನು ಯೆಹೋಯಾಕೀಮನ ಎದುರು ಓದಿದ್ದೂ ಅದೇ ಚಳಿಗಾಲದ ತಿಂಗಳಲ್ಲಿ ಎಂದು ಲೆಕ್ಕ. ರಾಜ ಅಗ್ಗಿಷ್ಟಿಕೆಯ ಮುಂದೆ ಕೂತಿದ್ದ. ಮೂರು ನಾಲ್ಕು ಅಂಕಣ ಓದಿದಂತೆಲ್ಲ ಆ ತುಂಡನ್ನು ಲೇಖಕನ ಚೂರಿಯಿಂದ ಕೊಯ್ದು ಬೆಂಕಿಗೆ ಹಾಕುತ್ತ ಹೋದ. ಬೇಡ ಎಂದು ಮೂವರು ಅಧಿಕಾರಿಗಳು ಬೇಡಿಕೊಂಡರು. ಆ ಮೂವರಲ್ಲಿ ಒಬ್ಬನದೆಂದು ಬಹಳ ವಿದ್ವಾಂಸರು ಒಪ್ಪುವ ಮಣ್ಣಿನ ಮುದ್ರೆಯೊಂದು 1982ರಲ್ಲಿ ಯೆರೂಸಲೇಮಿನ ಅಗೆತದಲ್ಲಿ ಸಿಕ್ಕಿತು. ಅದು ಕಟ್ಟಿದ್ದ ಪತ್ರ ಊರಿನ ಬೆಂಕಿಯಲ್ಲಿ ಹೋಗಿದೆ. ಮಣ್ಣು ಸುಟ್ಟು ಗಟ್ಟಿಯಾಗಿ ಉಳಿದಿದೆ.

601ರಲ್ಲಿ ನೆಬೂಕದ್ನೆಚ್ಚರ ಈಜಿಪ್ಟಿನ ಗಡಿಯಲ್ಲಿ ಭಾರಿ ನಷ್ಟ ಅನುಭವಿಸಿ ಮರಳಿ, ಮರುವರ್ಷ ದಂಡಯಾತ್ರೆಗೇ ಹೊರಡಲಿಲ್ಲ. ಬ್ಯಾಬಿಲೋನಿನ ಕಥೆ ಮುಗಿಯಿತೆಂದು ಎಣಿಸಿದ ಯೆಹೋಯಾಕೀಮ ಕಪ್ಪ ನಿಲ್ಲಿಸಿದ. ಬ್ಯಾಬಿಲೋನ್ ಬರುವ ಹೊತ್ತಿಗೆ ಅವನು ಸತ್ತಿದ್ದ. ಗದ್ದುಗೆಯಲ್ಲಿ 18 ವರ್ಷದ ಮಗ ಯೆಹೋಯಾಖೀನ. ಹುಡುಗ ಮೂರು ತಿಂಗಳು ಆಳಿ, 597ರ ಮಾರ್ಚಿನಲ್ಲಿ ಶರಣಾದ. ರಾಜಮನೆತನ, ಯೋಧರು, ಬಡಗಿ, ಕಮ್ಮಾರರು ಬ್ಯಾಬಿಲೋನಿಗೆ ಹೊರಟರು. ಊರು, ದೇವಾಲಯ ಉಳಿದವು. ಈ ಇಡೀ ಪ್ರಕರಣದಲ್ಲಿ ಅತಿ ಕಡಿಮೆ ರಕ್ತ ಹರಿಸಿದ ನಿರ್ಧಾರ ಈ ಹುಡುಗನದು. ಅವನಿಗೆ ಸಿಗಬೇಕಾದ ಮನ್ನಣೆ ಇಂದಿಗೂ ಸಿಕ್ಕಿಲ್ಲವೆಂದು ನನಗೆ ಅನಿಸುತ್ತದೆ.

ನೆಬೂಕದ್ನೆಚ್ಚರ ಆ ಹುಡುಗನ ಚಿಕ್ಕಪ್ಪ ಚಿದ್ಕೀಯನನ್ನು ಕೂರಿಸಿದ. ಅವನಿಗೆ 21 ವರ್ಷ. ಅನುಭವಿಗಳಾದ ಅಧಿಕಾರಿಗಳು ಗಡೀಪಾರಾಗಿದ್ದರು. ಬ್ಯಾಬಿಲೋನಿನಲ್ಲಿರುವವನೇ ನಿಜವಾದ ರಾಜ ಎನ್ನುವವರು ಊರಲ್ಲಿದ್ದರು. ದಕ್ಷಿಣದಲ್ಲಿ ಎದೋಮರ ಕಾಟ. 594ರ ಸುಮಾರಿಗೆ ಎದೋಮ್, ಮೋವಾಬ್, ಅಮ್ಮೋನ್, ತೂರ್, ಚೀದೋನ್‌ಗಳ ದೂತರು ಯೆರೂಸಲೇಮಿನಲ್ಲಿ ಸೇರಿದರು. ಯೆರೆಮೀಯ ಹೆಗಲ ಮೇಲೆ ನೊಗ ಹೊತ್ತು ಬಂದು, ಬ್ಯಾಬಿಲೋನಿನ ನೊಗಕ್ಕೆ ಕತ್ತು ಕೊಟ್ಟು ಬದುಕಿಕೊಳ್ಳಿ ಎಂದ. ಹನನ್ಯನೆಂಬ ಪ್ರವಾದಿ ಎಲ್ಲರೆದುರು ಆ ನೊಗ ಮುರಿದು, ಎರಡು ವರ್ಷದೊಳಗೆ ದೇವಾಲಯದ ಪಾತ್ರೆಗಳೂ ಸೆರೆಯಾದವರೂ ವಾಪಸು ಬರುತ್ತಾರೆ ಎಂದ. ಜನರಿಗೆ ಯಾವ ಮಾತು ಹಿತವಾಗಿತ್ತೆಂದು ಹೇಳಬೇಕಾಗಿಲ್ಲ.

ಚಿದ್ಕೀಯ ಕೊನೆಗೆ ಬಂಡೆದ್ದ. 588ರ ಆರಂಭದಲ್ಲಿ ಮುತ್ತಿಗೆ ಬಿತ್ತು. ಆಗ ಅವನು ಯೆರೆಮೀಯನ ಬಳಿ ಜನ ಕಳಿಸಿ ಕೇಳಿಸಿದ್ದು ಇದು: ಯೆಹೋವನು ಹಿಂದಿನ ಅದ್ಭುತಗಳಂತೆ ನಮಗೂ ಏನಾದರೂ ಮಾಡಿ, ಈ ನೆಬೂಕದ್ನೆಚ್ಚರ ನಮ್ಮನ್ನು ಬಿಟ್ಟು ಹೋಗುವಂತಾದೀತೇ? 701ನ್ನು ನೆನೆದೇ ಆಡಿದ ಮಾತಿದು ಎಂದು ನಾನು ಓದುತ್ತೇನೆ. ಹಿಜ್ಕೀಯ ಲಾಕೀಷಿಗೆ ಕಳಿಸಿದ ಸಂದೇಶ ಮಾತ್ರ ಅದರಲ್ಲಿ ಇಲ್ಲ.

ಮುತ್ತಿಗೆಯೊಳಗಿನ ಮೂರು ನಿರ್ಧಾರ

ಮುತ್ತಿಗೆ ಬಿಗಿಯಾದಾಗ ಊರಿನ ಶ್ರೀಮಂತರು ಕರುವನ್ನು ಎರಡಾಗಿ ಸೀಳಿ, ಅದರ ನಡುವೆ ಹಾದು, ತಮ್ಮದೇ ಜನಾಂಗದ ಇಬ್ರಿಯ ಆಳುಗಳನ್ನು ಬಿಡುಗಡೆ ಮಾಡುವ ಪ್ರತಿಜ್ಞೆ ಮಾಡಿದರು, ಮಾಡಿಯೂ ತೋರಿಸಿದರು. ಅಷ್ಟರಲ್ಲಿ ಫರೋಹನ ಸೈನ್ಯ ಹೊರಟಿತೆಂಬ ಸುದ್ದಿಗೆ ಬ್ಯಾಬಿಲೋನಿನವರು ಮುತ್ತಿಗೆ ತೆರವು ಮಾಡಿದರು. ಬಿಟ್ಟ ಆಳುಗಳನ್ನು ಧಣಿಗಳು ಮತ್ತೆ ಹಿಡಿದು ತಂದರು. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗೋಡೆಯ ಹೊರಗೆ ಶತ್ರುವಿದ್ದಾಗ ಮಾತ್ರ ನ್ಯಾಯ ನೆನಪಾಗುತ್ತಿದ್ದ ಊರು ಅದು. ಈಜಿಪ್ಟಿನ ಸೈನ್ಯ ಮರಳಿಹೋಯಿತು, ಬ್ಯಾಬಿಲೋನ್ ಮತ್ತೆ ಬಂತು.

ಎರಡನೆಯದು ಭಿನ್ನ ದನಿಯ ವಿಷಯ. ಶರಣಾದವರು ಬದುಕುತ್ತಾರೆ ಎಂದು ಹೇಳುತ್ತಿದ್ದ ಯೆರೆಮೀಯ ಸೈನಿಕರ ಕೈ ಬಲಗುಂದಿಸುತ್ತಿದ್ದಾನೆ ಎಂದು ನಾಲ್ವರು ಅಧಿಕಾರಿಗಳು ದೂರಿದರು. ರಾಜ ಕೊಟ್ಟ ಉತ್ತರ: ಅವನು ನಿಮ್ಮ ಕೈಯಲ್ಲಿದ್ದಾನೆ, ನಿಮ್ಮೆದುರು ನನ್ನದೇನೂ ನಡೆಯುವುದಿಲ್ಲ. ಅವನನ್ನು ಕೆಸರು ತುಂಬಿದ ಬಾವಿಗೆ ಇಳಿಸಿದರು. ಅರಮನೆಯ ಕೂಷ್ಯ (ಈಜಿಪ್ಟಿನ ದಕ್ಷಿಣದ ಕೂಷ್ ನಾಡಿನ) ಸೇವಕನೊಬ್ಬ ಹಗ್ಗ ಉಜ್ಜದಿರಲೆಂದು ಹಳೆ ಬಟ್ಟೆ ಚಿಂದಿಗಳನ್ನು ಕಂಕುಳಿಗೆ ಇಟ್ಟುಕೊಳ್ಳಲು ಹೇಳಿ ಮೇಲೆತ್ತಿದ. ಕೈ ಬಲಗುಂದಿಸುವ ಈ ದೂರು ಲಾಕೀಷಿನಲ್ಲಿ 1935ರಲ್ಲಿ ಸಿಕ್ಕ ಮಡಕೆ ಚೂರಿನ ಓಲೆಯೊಂದರಲ್ಲೂ ಇದೆ. ಅಲ್ಲಿ ಕೈ ಬಲಗುಂದಿಸುತ್ತಿರುವುದು ಯೆರೂಸಲೇಮಿನ ಅಧಿಕಾರಿಗಳ ಪತ್ರವೇ ಎಂದು ಅಧೀನ ಅಧಿಕಾರಿಯೊಬ್ಬ ಮೇಲಿನವನಿಗೆ ದೂರುತ್ತಿದ್ದಾನೆ. ಇನ್ನೊಂದು ಚೂರಿನಲ್ಲಿ, ಲಾಕೀಷಿನ ಬೆಂಕಿ ಸಂಕೇತಕ್ಕೆ ಕಾಯುತ್ತಿದ್ದೇವೆ, ಅಜೇಕ (ಹತ್ತಿರದ ಇನ್ನೊಂದು ಕೋಟೆಯೂರು) ಕಾಣುತ್ತಿಲ್ಲ ಎಂಬ ಸುದ್ದಿ.

ಮೂರನೆಯದೇ ಕಟ್ಟಕಡೆಯ ತಿರುವು. ಚಿದ್ಕೀಯ ಯೆರೆಮೀಯನನ್ನು ಗುಟ್ಟಾಗಿ ಕರೆಸಿದ. ಹೊರಗೆ ಹೋಗಿ ಶರಣಾದರೆ ನೀನೂ ಉಳಿಯುತ್ತೀ, ಊರೂ ಸುಡುವುದಿಲ್ಲ ಎಂದ ಪ್ರವಾದಿ. ರಾಜ ಅದನ್ನು ಸುಳ್ಳೆನ್ನಲಿಲ್ಲ. ಈಗಾಗಲೇ ಆ ಕಡೆ ಸೇರಿಕೊಂಡಿರುವ ಯೆಹೂದ್ಯರ ಕೈಗೆ ಸಿಕ್ಕರೆ ಅವರು ನನ್ನನ್ನು ಹಂಗಿಸಿ ಹಿಂಸಿಸುತ್ತಾರೆ ಎಂಬ ಭಯ ಅವನದು. ನಾವು ಮಾತಾಡಿದ್ದು ಯಾರಿಗೂ ತಿಳಿಯಬಾರದು ಎಂದು ಹೇಳಿ ಕಳಿಸಿದ. ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಅದನ್ನು ತನ್ನವರೆದುರು ಹೇಳುವ ಧೈರ್ಯ ಇರಲಿಲ್ಲ.

ಆದದ್ದು

ಊರಲ್ಲಿ ಅನ್ನ ಮುಗಿದು, 586ರ (587 ಎಂದು ಎಣಿಸುವವರೂ ಇದ್ದಾರೆ) ಬೇಸಗೆಯಲ್ಲಿ ಗೋಡೆ ಒಡೆಯಿತು. ರಾತ್ರಿ ತಪ್ಪಿಸಿಕೊಂಡ ಚಿದ್ಕೀಯ ಯೆರಿಕೋ ಬಯಲಿನಲ್ಲಿ ಸಿಕ್ಕಿಬಿದ್ದ. ನೆಬೂಕದ್ನೆಚ್ಚರ ಬೀಡುಬಿಟ್ಟಿದ್ದ ರಿಬ್ಲದಲ್ಲಿ ಅವನ ಕಣ್ಣೆದುರೇ ಮಕ್ಕಳನ್ನು ಕೊಂದು, ಆಮೇಲೆ ಅವನ ಕಣ್ಣು ಕಿತ್ತು, ಬೇಡಿ ಹಾಕಿ ಸಾಗಿಸಿದರು. ಸುಮಾರು ಒಂದು ತಿಂಗಳ ಬಳಿಕ ದೇವಾಲಯ, ಅರಮನೆ, ಮನೆಗಳಿಗೆ ಬೆಂಕಿ ಬಿತ್ತು. ಬೂದಿ, ಬಾಣದ ಮೊನೆ, ಕುಸಿದ ಗೋಡೆ ಇಂದಿಗೂ ಅಗೆತದಲ್ಲಿ ಸಿಗುತ್ತವೆ. ಯೆರೂಸಲೇಮಿನ ಉತ್ತರಕ್ಕಿರುವ ಬೆನ್ಯಾಮೀನ್ ಸೀಮೆಯ ಮಿಚ್ಪದಂಥ ಊರುಗಳಲ್ಲಿ ಆ ಬೂದಿಯ ಪದರ ಇಲ್ಲ. ಅಲ್ಲಿನವರು ಮೊದಲೇ ಶರಣಾಗಿರಬೇಕೆಂದು ಅನೇಕರ ಊಹೆ.

597ರಲ್ಲಿ ಶರಣಾದ ಯೆಹೋಯಾಖೀನನ ಹೆಸರು ಬ್ಯಾಬಿಲೋನಿನ ಪಡಿತರದ ಹಲಗೆಗಳಲ್ಲಿದೆ: ಯೆಹೂದದ ಅರಸನಿಗೂ ಅವನ ಐವರು ಮಕ್ಕಳಿಗೂ ಇಷ್ಟಿಷ್ಟು ಎಣ್ಣೆ ಎಂದು. ಸೆರೆಯಲ್ಲಿದ್ದರೂ ವಂಶ ಉಳಿಯಿತು. ಚಿಕ್ಕಪ್ಪನ ಮಕ್ಕಳು ಉಳಿಯಲಿಲ್ಲ.

ಕಲಿಯಬೇಕಾದದ್ದು

ಚಿದ್ಕೀಯನನ್ನು ಹೇಡಿ ಎಂದು ತಳ್ಳಿಹಾಕಿದರೆ ಈ ಪ್ರಕರಣದಿಂದ ಏನೂ ದಕ್ಕುವುದಿಲ್ಲ. ಬಂಡೇಳುವ ಲೆಕ್ಕದಲ್ಲಿ ಹಿಜ್ಕೀಯನೂ ತಪ್ಪಿದ್ದ, ಅದೂ ಭೀಕರವಾಗಿ. ಅವನ ಬಳಿ ಇದ್ದದ್ದು ತಪ್ಪಿದ ಮೇಲೆ ತಿರುಗಿಬರಲು ಬೇಕಾದ ಅಧಿಕಾರ, ಕೊಡಲು ಬಂಗಾರ, ಮತ್ತು ಕಪ್ಪ ತೆಗೆದುಕೊಂಡು ಹೊರಡಲು ಒಪ್ಪಿದ ಎದುರಾಳಿ. ನಿಷ್ಠನಾಗಿರುತ್ತೇನೆಂದು ಚಿದ್ಕೀಯ ನೆಬೂಕದ್ನೆಚ್ಚರನಿಗೆ ಇಟ್ಟಿದ್ದ ಆಣೆ ಮುರಿದಿತ್ತು, ಖಜಾನೆ 597ರಲ್ಲೇ ಬರಿದಾಗಿತ್ತು, ಅಧಿಕಾರಿಗಳು ಅವನ ಮಾತು ಮೀರಿದ್ದರು. ಸಾಮ್ರಾಜ್ಯದ ಮೂರನೆಯ ಮೆಟ್ಟಿಲಲ್ಲಿ ನಿಂತವನು ಮೊದಲ ಮೆಟ್ಟಿಲಿನವನ ಕಥೆಯನ್ನು ನಂಬಿ ನಡೆದ. ಅವನ ಜಾಗದಲ್ಲಿ ಯಾರೇ ಇದ್ದರೂ, ಹಿಂದಿನ ಪಾರಾದ ಕಥೆಯ ಜೊತೆ ಅದರ ಖರ್ಚಿನ ಪಟ್ಟಿಯನ್ನೂ ಕೇಳಿ ತರಿಸಿಕೊಳ್ಳಬೇಕಿತ್ತು. ಆ ಪಟ್ಟಿ ಹಳ್ಳಿಯ ಹಿರಿಯರ ಬಾಯಲ್ಲಿತ್ತು, ಕೆಸರಿನ ಬಾವಿಯಲ್ಲಿತ್ತು.

ನಂತರ

ಬ್ಯಾಬಿಲೋನ್ ಬಡವರನ್ನು ದ್ರಾಕ್ಷಿತೋಟ, ಹೊಲ ನೋಡಿಕೊಳ್ಳಲು ಬಿಟ್ಟು, ಗೆದಲ್ಯನನ್ನು ಮಿಚ್ಪದಲ್ಲಿ ಅಧಿಕಾರಿಯಾಗಿ ನೇಮಿಸಿತು. ಚದರಿದವರು ಮರಳಿದರು, ಆ ವರ್ಷ ದ್ರಾಕ್ಷಾರಸವೂ ಹಣ್ಣೂ ಹೇರಳವಾಗಿ ಕೂಡಿದವು. ಕೊಲೆಯ ಸಂಚಿದೆ ಎಂದು ಗೆದಲ್ಯನಿಗೆ ಎಚ್ಚರಿಕೆ ಬಂದಿತ್ತು, ಅವನು ನಂಬಲಿಲ್ಲ. ರಾಜವಂಶದ ಇಷ್ಮಾಯೇಲನೆಂಬವನು ಒಟ್ಟಿಗೆ ಊಟಕ್ಕೆ ಕೂತು ಅವನನ್ನು ಕೊಂದ. ಬ್ಯಾಬಿಲೋನಿನ ಸೇಡಿಗೆ ಹೆದರಿದ ಉಳಿದವರು ಯೆರೆಮೀಯನನ್ನು ಕೇಳಿದರು. ಹತ್ತು ದಿನದ ಮೇಲೆ ಅವನು, ಇಲ್ಲೇ ಇರಿ, ಈಜಿಪ್ಟಿಗೆ ಹೋಗಬೇಡಿ ಎಂದ. ಸುಳ್ಳು ಹೇಳುತ್ತೀ ಎಂದು ಅವನಿಗೆ ಹೇಳಿ, ಅವನನ್ನೂ ಕರೆದುಕೊಂಡು ಈಜಿಪ್ಟಿಗೆ ಹೋದರು.